ಪತ್ತಾರರನ್ನು ಕೇಳಿ: ಕಲ್ಲನ್ನು ಬಾಗಿಲಿಗೆ ತಂದು ನೋಡಿ

(ಕಲಬುರಗಿಯ ಸರಾಫ್ ಬಜಾರದಲ್ಲಿ 30 ವರ್ಷ ಕಲ್ಲು ಕೂರಿಸುವ ಕೆಲಸ ಮಾಡಿದ ಹಿರಿಯ ಪತ್ತಾರರು ಓದುಗರಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ತಂಗಿಯ ಮದುವೆಗೆ ಒಂಟಿ ಕಲ್ಲಿನ ವಜ್ರದುಂಗುರ ಮಾಡಿಸಬೇಕು. ಒಂದು ಅಂಗಡಿಯಲ್ಲಿ 30 ಸೆಂಟಿನ ಇಎಫ್-ವಿವಿಎಸ್ ಕಲ್ಲು ತೋರಿಸಿದರು. ಇನ್ನೊಂದರಲ್ಲಿ 40 ಸೆಂಟಿನ ಎಚ್-ಎಸ್‌ಐ. ಬೆಲೆ ಹೆಚ್ಚು ಕಡಿಮೆ ಒಂದೇ. ನನ್ನ ಕಣ್ಣಿಗೆ ಎರಡೂ ಒಂದೇ ಥರ ಹೊಳೆದವು. ಯಾವುದು ತಗೊಳ್ಳಲಿ?
– ಒಬ್ಬ ಶಿಕ್ಷಕ, ಸೇಡಂ

ಉತ್ತರ: ಮಾಸ್ತರರೇ, ಎರಡರ ಕಟಿಂಗ್, ಅಂದರೆ ಕಲ್ಲಿಗೆ ಮುಖಗಳನ್ನು ಕೊರೆದ ರೀತಿ, ಹೇಗಿದೆ ಅಂತ ನೀವು ಬರೆದೇ ಇಲ್ಲ. ಅಂಗಡಿಯವರೂ ಹೇಳಿರಲಿಕ್ಕಿಲ್ಲ.

ಮೊದಲು ಈ ಅಕ್ಷರಗಳ ಭಯ ಬಿಡಿ. ಸೆಂಟ್ ಅನ್ನೋದು ಕಲ್ಲಿನ ತೂಕ. ಇ, ಎಫ್, ಎಚ್ ಅನ್ನೋದು ಬಣ್ಣ. ಡಿ ಅಂದರೆ ನೀರಿನಂತೆ ಸ್ವಚ್ಛ. ಅಲ್ಲಿಂದ ಝಡ್ ಕಡೆ ಹೋದಂತೆ ಹಳದಿ ಏರುತ್ತದೆ. (ಎ, ಬಿ, ಸಿ ಎಲ್ಲಿ ಹೋದವು ಅಂತ ಬಹಳ ಜನ ಕೇಳುತ್ತಾರೆ. ಹಿಂದೆ ಒಬ್ಬೊಬ್ಬ ವ್ಯಾಪಾರಿ ಒಂದೊಂದು ರೀತಿ ಎ, ಎಎ ಅಂತ ಹೇಳಿ ಗೊಂದಲ ಮಾಡಿದ್ದರು. ಅದಕ್ಕೇ ಅಮೆರಿಕದ ಜಿಐಎ ಸಂಸ್ಥೆ ಡಿಯಿಂದ ಶುರು ಮಾಡಿತು.) ವಿವಿಎಸ್, ಎಸ್‌ಐ ಅನ್ನೋದು ಒಳಗಿನ ಚುಕ್ಕೆ, ಗೆರೆಗಳ ಲೆಕ್ಕ. ವಿವಿಎಸ್ ಚುಕ್ಕೆ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಎಸ್‌ಐ ಭೂತಗನ್ನಡಿಗೆ ಸಲೀಸಾಗಿ ಕಾಣುತ್ತದೆ, ಬರಿಗಣ್ಣಿಗೆ ಬಹಳ ಸಲ ಕಾಣುವುದಿಲ್ಲ. ಬೀಗರೇನೂ ಭೂತಗನ್ನಡಿ ಹಿಡಿದು ಮದುವೆಗೆ ಬರುವುದಿಲ್ಲ, ಅಲ್ವಾ? ಎಚ್ ಬಣ್ಣ ಹಳದಿ ಬಂಗಾರದಲ್ಲಿ ಕೂತರೆ ಬೆಳ್ಳಗೇ ಕಾಣುತ್ತದೆ.

ಹೊಳಪು ಬರುವುದು ಕಟಿಂಗ್‌ನಿಂದ. ಮೇಲಿಂದ ಒಳಗೆ ಹೋದ ಬೆಳಕು ಕೆಳಗಿನ ಮುಖಗಳಿಗೆ ಬಡಿದು ಮತ್ತೆ ನಿಮ್ಮ ಕಣ್ಣಿಗೇ ವಾಪಸ್ ಬರಬೇಕು. ಕಲ್ಲು ಆಳ ಜಾಸ್ತಿಯಾದರೆ ಬೆಳಕು ವಾಪಸ್ ಬರದೆ ಸೋರಿಹೋಗಿ ನಡುವೆ ಕಪ್ಪಾಗುತ್ತದೆ. ತೀರಾ ತೆಳುವಾದರೆ ಮೀನಿನ ಕಣ್ಣಿನಂತೆ ಒಳಗೊಂದು ಬೂದು ಬಳೆ ಕಾಣುತ್ತದೆ.

ಇದು ಗೊತ್ತಿದ್ದೂ ನಾನೇ ಎಡವಿದ್ದೇನೆ. ಮಗಳ ಮದುವೆಗೆ ದೊಡ್ಡ ಊರಿನ ಅಂಗಡಿಯೊಂದರಲ್ಲಿ ಉಂಗುರ ತಗೊಂಡೆ. ಮೇಲೆ ಸಾಲು ದೀಪ, ಕೆಳಗೆ ಕಪ್ಪು ಮಖಮಲ್ಲು. ಆ ದೀಪಕ್ಕೆ ಗಾಜಿನ ಚೂರೂ ಮಿಂಚುತ್ತದೆ. ಕಲ್ಲಿನ ಜೊತೆ ಕೊಟ್ಟ ಪ್ರಯೋಗಾಲಯದ ಕಾಗದದಲ್ಲಿ ವಿವಿಎಸ್ ನೋಡಿ ಖುಷಿಯಾದೆ, ಕಟಿಂಗ್ ಸಾಲಿಗೆ ಕಣ್ಣು ಹೋಗಲೇ ಇಲ್ಲ. ಮನೆಗೆ ಬಂದು ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ನಡುವೆ ಮೊಳೆಯ ತಲೆಯಷ್ಟು ಕಪ್ಪು. ಕಾಗದ ತೆಗೆದು ನೋಡಿದೆ. ಕಟಿಂಗ್: ಫೇರ್, ಅಂದರೆ ಕೆಳಗಿನ ದರ್ಜೆ. ಸುಳ್ಳೇನೂ ಹೇಳಿರಲಿಲ್ಲ ಅವರು, ಓದದವನು ನಾನು. ನನ್ನ ಹೆಂಡತಿ ಇವತ್ತಿಗೂ ಅದನ್ನು ‘ಪತ್ತಾರರ ಉಂಗುರ’ ಅಂತಲೇ ಕರೆಯುತ್ತಾಳೆ.

ಹಾಗಾಗಿ ಮಾಸ್ತರರೇ, ಬೆಳಗ್ಗೆ ಹೋಗಿ. ಎರಡೂ ಕಡೆ ಕಲ್ಲನ್ನು ಅಂಗಡಿಯ ಬಾಗಿಲಿಗೆ ತರಿಸಿ, ನೆರಳಿನಲ್ಲಿ ನೋಡಿ. ನಮ್ಮ ಕಲಬುರಗಿ ಬಿಸಿಲಲ್ಲಿ ಬೇಡ, ನೇರ ಬಿಸಿಲಿಗೆ ಒಳ್ಳೆಯ ಕಲ್ಲೂ ಕಪ್ಪಗೆ ಕಾಣುತ್ತದೆ. ಮೆಲ್ಲಗೆ ಆಚೀಚೆ ಅಲ್ಲಾಡಿಸಿ. ಬಿಳಿ ಮಿಂಚು ನಡುವಿನಿಂದ ಅಂಚಿನವರೆಗೆ ಓಡಬೇಕು. ಒಂದೇ ಜಾಗದಲ್ಲಿ ಕಪ್ಪು ನಿಂತೇ ಇದ್ದರೆ ಆ ಕಲ್ಲು ಬಿಡಿ.

ಆಮೇಲೆ ಕಾಗದದಲ್ಲಿ ಅಗಲದ ಅಳತೆ ನೋಡಿ. ಚೆನ್ನಾಗಿ ಕಟ್ ಆದ ದುಂಡು ಕಲ್ಲು 30 ಸೆಂಟಿಗೆ ಸುಮಾರು 4.3 ಮಿ.ಮೀ. ಇರುತ್ತದೆ, ಹತ್ತಿರ ಹತ್ತಿರ ಒಂದು ಬಿಳಿಜೋಳದ ಕಾಳು. 40 ಸೆಂಟಿಗೆ ಸುಮಾರು 4.8 ಇರಬೇಕು. ಅವರ ಕಲ್ಲು 4.6 ಇದ್ದರೆ ತೂಕವೆಲ್ಲ ಹೊಟ್ಟೆಯಲ್ಲಿದೆ ಅಂತ ಅರ್ಥ. 40ಕ್ಕೆ ದುಡ್ಡು ಕೊಟ್ಟು ಕಣ್ಣಿಗೆ 35 ಸೆಂಟ್ ನೋಡಿದ ಹಾಗೆ. 40ರ ಕಲ್ಲಿನ ಅಳತೆ ಸರಿಯಿದ್ದು, ಕಟಿಂಗ್ ‘ಎಕ್ಸಲೆಂಟ್’ ಇದ್ದು, ಚುಕ್ಕೆ ಬರಿಗಣ್ಣಿಗೆ ಕಾಣದಿದ್ದರೆ ನಾನಾದರೆ ಅದನ್ನೇ ತಗೊಳ್ಳುತ್ತೇನೆ.

ಬಿಲ್ಲಿನಲ್ಲಿ ಕಲ್ಲಿನ ತೂಕ ಕಳೆದು ಬಂಗಾರದ ತೂಕ ಬರೆಸಿಕೊಳ್ಳಿ. 100 ಸೆಂಟಿಗೆ 1 ಕ್ಯಾರೆಟ್, 1 ಕ್ಯಾರೆಟ್ ಅಂದರೆ 0.2 ಗ್ರಾಂ. 40 ಸೆಂಟಿಗೆ 0.08 ಗ್ರಾಂ ಕಳೆಯಬೇಕು. ಹಾಲ್‌ಮಾರ್ಕ್‌ನ 750 ಅನ್ನೋದು 18 ಕ್ಯಾರೆಟ್ ಬಂಗಾರದ ಗುರುತು (ಈ ಕ್ಯಾರೆಟ್ ತೂಕವಲ್ಲ, ಬಂಗಾರದ ಶುದ್ಧತೆ). ಕಲ್ಲಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಪ್ರಶ್ನೆ: ಅತ್ತೆ ಕೊಟ್ಟ ವಜ್ರದ ಮೂಗುಬಟ್ಟು ಮಂಕಾಗಿದೆ. ವಜ್ರ ಹಳೆಯದಾದರೆ ಹೊಳಪು ಹೋಗುತ್ತದೆಯೇ?
– ಗೃಹಿಣಿ, ಸುರಪುರ

ಉತ್ತರ: ಇಲ್ಲ ತಂಗಿ, ಅದು ಜಿಡ್ಡು. ವಜ್ರಕ್ಕೆ ಎಣ್ಣೆ ಅಂದರೆ ಬಲು ಪ್ರೀತಿ. ಮುಖದ ಜಿಡ್ಡು, ಸಾಬೂನು, ಒಗ್ಗರಣೆ ಹೊಗೆ ಎಲ್ಲಾ ಹಿಂಬದಿಗೆ ಅಂಟುತ್ತದೆ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ನೆನೆಸಿ, ಮಕ್ಕಳ ಮೆತ್ತನೆ ಬ್ರಷ್‌ನಿಂದ ಹಿಂದಿನಿಂದ ಉಜ್ಜಿ. ಬಟ್ಟಲಿನಲ್ಲಿ ಮಾಡಿ, ಸಿಂಕಿನ ಮೇಲೆ ಬೇಡ. ಹಿಂಬದಿ ಬಂಗಾರದಿಂದ ಮುಚ್ಚಿದ್ದರೆ ನೀರಿಗೆ ಹಾಕಲೇಬೇಡಿ. ಹಳೇ ಕಾಲದ ಕಟ್ಟಿನಲ್ಲಿ ಕಲ್ಲಿನ ಕೆಳಗೆ ತೆಳು ತಗಡು ಇರುತ್ತದೆ, ನೀರು ಹೊಕ್ಕರೆ ಕಪ್ಪಾಗುತ್ತದೆ. ಪತ್ತಾರರ ಹತ್ತಿರ ಒಯ್ಯಿರಿ.

ಪ್ರಶ್ನೆ: ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ನಕಲಿಯೇ? ಪೆನ್ನಿನಂಥ ಮಷೀನು ಹಚ್ಚಿದರೆ ಗೊತ್ತಾಗುತ್ತದಂತೆ?
– ಕಾಲೇಜು ವಿದ್ಯಾರ್ಥಿನಿ, ಬೀದರ್

ಉತ್ತರ: ನಕಲಿ ಅಲ್ಲವ್ವ. ಅದೂ ಇಂಗಾಲವೇ, ಅದೇ ಗಟ್ಟಿತನ. 2023ರಲ್ಲಿ ನಮ್ಮ ಪ್ರಧಾನಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿಗೆ ಕೊಟ್ಟದ್ದೂ ಲ್ಯಾಬ್‌ನಲ್ಲಿ ಬೆಳೆಸಿದ 7.5 ಕ್ಯಾರೆಟಿನ ವಜ್ರವೇ. ‘ಅಮೆರಿಕನ್ ಡೈಮಂಡ್’ ಬೇರೆ, ಅದು ವಜ್ರವೇ ಅಲ್ಲ. ಆ ಪೆನ್ನು ಶಾಖ ಎಷ್ಟು ಬೇಗ ಹರಿಯುತ್ತದೆ ಅನ್ನೋದನ್ನಷ್ಟೇ ನೋಡುತ್ತದೆ. ಗಣಿಯದ್ದಕ್ಕೂ ಲ್ಯಾಬಿನದ್ದಕ್ಕೂ ಒಂದೇ ಥರ ಕೂಗುತ್ತದೆ. ಮೊಯಿಸನೈಟ್ ಅನ್ನುವ ಬೇರೆ ಕಲ್ಲಿಗೂ ಕೂಗುತ್ತದೆ! ಅದನ್ನು ನಂಬಿ ಸುಮ್ನೆ ದುಡ್ಡು ಎಣಿಸಬೇಡ. ಪ್ರಯೋಗಾಲಯದ ಕಾಗದ ಕೇಳು. ಅದರ ನಂಬರನ್ನು ಕಲ್ಲಿನ ಅಂಚಿನಲ್ಲಿ ಲೇಸರ್‌ನಿಂದ ಕೊರೆದಿದ್ದರೆ ಭೂತಗನ್ನಡಿ ಇಸಿದುಕೊಂಡು ತಾಳೆ ನೋಡು. ಹಾಕಿಕೊಂಡು ಮೆರೆಯಲಿಕ್ಕೆ ಲ್ಯಾಬಿನದು ಚಂದ. ಮುಂದೆ ಮಾರಿ ದುಡ್ಡು ಮಾಡುವ ಆಸೆಯಿದ್ದರೆ ಬೇಡ.

ಪ್ರಶ್ನೆ: ಸುತ್ತಿಗೆಯಿಂದ ಹೊಡೆದರೂ ವಜ್ರ ಒಡೆಯಲ್ಲ ಅನ್ನುತ್ತಾರೆ. ನಿಜವೇ?
– ಓದುಗ, ಹುಮನಾಬಾದ್

ಉತ್ತರ: ಹೊಡೆಯಬೇಡಿ ಮಾರಾಯರೇ! ಗೀರು ಬೀಳುವುದಿಲ್ಲ ಅನ್ನೋದು ಬೇರೆ, ಒಡೆಯುವುದಿಲ್ಲ ಅನ್ನೋದು ಬೇರೆ. ಕಟ್ಟಿಗೆ ಎಳೆಯ ಗುಂಟ ಸೀಳಿದಂತೆ ವಜ್ರವೂ ಕೆಲವು ದಿಕ್ಕಿಗೆ ಸೀಳುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ವಜ್ರವನ್ನು ಹಿಡಿದಿಡುವ ಬಂಗಾರದ ಹಲ್ಲು ಒತ್ತುವಾಗ ಕೈ ಒಂದು ಕೂದಲೆಳೆಯಷ್ಟು ಜಾರಿತು. ‘ಚಿಟ್’ ಅಂತ ಸಣ್ಣ ಸದ್ದು. ಅಂಚಿನಲ್ಲಿ ರವೆಯಷ್ಟು ಚೂರು ಹಾರಿತ್ತು. ಮಾಲೀಕರು ಬೈಯಲಿಲ್ಲ, ನಾಲ್ಕು ತಿಂಗಳು ಪಗಾರದಲ್ಲಿ ಮುರಿದುಕೊಂಡರು.