ನಾಯಿಯ ಖರ್ಚು ಕಣ್ಣಿಗೆ ಬಿತ್ತು, ಉಳಿದದ್ದು?

ತಿಪಟೂರು ಸೀಮೆಯ ಹಳ್ಳಿಯೊಂದರಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಮಗ, ಸೊಸೆ ಇಬ್ಬರೂ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಹೋದ ತಿಂಗಳು ಹದಿನೈದು ದಿನ ಅವರ ಜೊತೆ ಇದ್ದು ಬಂದೆ. ಒಂದು ಲ್ಯಾಬ್ರಡಾರ್ ನಾಯಿ ಸಾಕಿದ್ದಾರೆ. ಅದರ ಊಟ, ಸ್ನಾನ, ಡಾಕ್ಟರು ಅಂತ ತಿಂಗಳಿಗೆ ಏಳು ಸಾವಿರ ಆಗುತ್ತದಂತೆ. ಈಗ ಜೊತೆಗೊಂದು ಹಸ್ಕಿ ಮರಿ ತರುವ ಮಾತು ನಡೆದಿದೆ. ನಮ್ಮ ತೋಟದ ಕರಿಯ ಮುದ್ದೆ, ಮಜ್ಜಿಗೆ ತಿಂದುಕೊಂಡೇ ಹನ್ನೆರಡು ವರ್ಷ ಬಾಳಿದ. ಇವರು ಕೊತ್ತಂಬರಿ ಸೊಪ್ಪು ಬೇಕಾದರೂ ಫೋನ್ ಒತ್ತುತ್ತಾರೆ, ಹತ್ತು ನಿಮಿಷಕ್ಕೆ ಹುಡುಗ ಬಾಗಿಲಲ್ಲಿ ನಿಂತಿರುತ್ತಾನೆ. ಫೋನು, ಟಿವಿ, ಸೋಫಾ ಎಲ್ಲ ಕಂತಿನ ಮೇಲೆ. ಕೇಳಿದರೆ 'ಬಡ್ಡಿ ಇಲ್ಲಮ್ಮ' ಅನ್ನುತ್ತಾನೆ. ಬೆಳಿಗ್ಗೆಯಿಂದ ರಾತ್ರಿ ಹನ್ನೊಂದರವರೆಗೆ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾನೆ. ಸಂಜೆ ಆರಕ್ಕೆ ಎದ್ದರೆ ಅದೂ ನಾಯಿ ತಿರುಗಿಸೋಕೆ. ನಾವು ಹಳೇ ಕಾಲದವರು ಅಂತ ಸುಮ್ಮನಿರಬೇಕೋ, ಬುದ್ಧಿ ಹೇಳಬೇಕೋ? ಆ ನಾಯಿಗೆ ಕೊಡೋ ಅರ್ಧ ಗಂಟೆ ನನಗೆ ಕೊಟ್ಟಿದ್ದರೆ ಸಾಕಿತ್ತು."

ಅಮ್ಮಾ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಸಾಲಿಗೆ ಬಂದಾಗ ಎರಡು ಸಲವೂ ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಸಾಲಿಗೆ ಆಮೇಲೆ ಬರುತ್ತೇನೆ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಿಮ್ಮ ಕಡೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿ ಆಗಲು ಹತ್ತು ಹನ್ನೊಂದು ತಿಂಗಳು ಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಕೊಬ್ಬರಿ ಚಿಪ್ಪು ಬಿಟ್ಟುಕೊಂಡ ಸದ್ದು ಕೇಳಬೇಕು, ಆಮೇಲೇ ಸುಲಿಯುವುದು. ಅದಾದ ಮೇಲೆ ಎಪಿಎಂಸಿ ಹರಾಜಿನಲ್ಲಿ ಆ ದಿನದ ರೇಟು ಏನೋ, ಅದು. ವರ್ಷವಿಡೀ ಕಾದು ದುಡ್ಡು ನೋಡಿದವರಿಗೆ, ಬೆರಳು ತಾಗಿಸಿದ ಕೂಡಲೇ ದುಡ್ಡು ಹೋಗುವುದನ್ನು ಕಂಡರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಹಳೇ ಕಾಲದವರು ಎಂದು ನಿಮ್ಮನ್ನು ನೀವೇ ಕಡಿಮೆ ಮಾಡಿಕೊಳ್ಳಬೇಡಿ.

ಆದರೆ ನೀವು ಸಿಟ್ಟು ತೋರಿಸಿದ್ದು ನಾಯಿಯ ಮೇಲೆ. ಅದನ್ನು ನಾನು ಒಪ್ಪುವುದಿಲ್ಲ. ನಾಯಿಯ ಖರ್ಚು ಮನೆಯಲ್ಲಿ ಎದ್ದು ಕಾಣುತ್ತದೆ. ಅಡುಗೆಮನೆ ಮೂಲೆಯಲ್ಲಿ ಅದರ ಆಹಾರದ ಮೂಟೆ, ಸೋಫಾದ ಮೇಲೆ ಅದರ ಕೂದಲು, ಡಾಕ್ಟರ ಚೀಟಿ ಫ್ರಿಜ್ ಬಾಗಿಲಲ್ಲಿ. ಹಾಗಾಗಿ ಎಲ್ಲರೂ ಅದನ್ನೇ ಲೆಕ್ಕ ಹಾಕುತ್ತಾರೆ. ಕರಿಯನಿಗೆ ಓಡಾಡಲು ತೋಟವಿತ್ತು, ಕಾಯುವ ಕೆಲಸವಿತ್ತು. ಮೂರನೇ ಮಹಡಿಯ ನಾಯಿಗೆ ಅದೆಲ್ಲವನ್ನೂ ಸಾಕಿದವರೇ ಒದಗಿಸಬೇಕು. ಮುದ್ದೆ, ಮಜ್ಜಿಗೆ ಹಾಕಿದರೆ ತಪ್ಪಿಲ್ಲ. ನಾವು ಉಣ್ಣುವ ಸಾರು ಮಾತ್ರ ಬೇಡ, ಈರುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ಲಸಿಕೆಯ ಖರ್ಚಿನಲ್ಲಿ ಒಂದು ರೂಪಾಯಿಯನ್ನೂ ಉಳಿಸಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯರೂ ಉಳಿಯುವುದಿಲ್ಲ ಎನ್ನಬಹುದು. ಸ್ನಾನಕ್ಕೆ ಅಂಗಡಿಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಿ ಅಂತ ಬೇಕಾದರೆ ಹೇಳಿ. ಬಕೆಟ್ಟು, ನೀರು ಮನೆಯಲ್ಲೇ ಇವೆ.

ಹಸ್ಕಿಯ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ಅದು ಸೈಬೀರಿಯಾದ ನಾಯಿ. ಹಿಮದಲ್ಲಿ ಬಂಡಿ ಎಳೆಯಲೆಂದು ಬೆಳೆಸಿದ ತಳಿ, ಮೈಮೇಲೆ ಎರಡು ಪದರ ತುಪ್ಪಳ. ಅದನ್ನು ತಂದು ಏಪ್ರಿಲ್ ಬಿಸಿಲಲ್ಲಿ ಬಾಲ್ಕನಿಯಲ್ಲಿ ಕೂಡಿಹಾಕಿ, ಮೇಲೆ ಏಸಿ ಹಾಕುವುದನ್ನು ನಾನು ಪ್ರೀತಿ ಎಂದು ಕರೆಯಲಾರೆ. ಮರಿ ಮಾರುವವರ ಬಗ್ಗೆಯೂ ಮಗನಿಗೆ ಹೇಳಿ. 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಫೋನಿನಲ್ಲಿ ಫೋಟೊ ತೋರಿಸಿ, ಮುಂಗಡ ಹಾಕಿಸಿಕೊಂಡು, ರಸ್ತೆ ಬದಿಯಲ್ಲಿ ಮರಿ ಕೈಗಿಡುವವರ ಹತ್ತಿರ ಆ ನೋಂದಣಿಯ ಕಾಗದ ಕೇಳಲಿ. ದೇಸಿ ತಳಿ ಅಂತ ಮುಧೋಳ ನಾಯಿ ಕೇಳಿದರೂ ಬೇಡವೆನ್ನಿ. ಬಾಗಲಕೋಟೆ ಜಿಲ್ಲೆಯ ಬಯಲಲ್ಲಿ ಬೇಟೆ ಅಟ್ಟಿಸಿಕೊಂಡು ಓಡಿದ ನಾಯಿ ಅದು, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಿಲ್ಲುವಂಥದ್ದಲ್ಲ. ಎರಡನೆಯದು ಬೇಕೇ ಬೇಕು ಎನಿಸಿದರೆ ಬೀದಿಯಲ್ಲಿ ತಾಯಿ ಕಳೆದುಕೊಂಡ ಮರಿಗಳು ಬೇಕಾದಷ್ಟಿವೆ. ನಮ್ಮ ಮನೆಯದೂ ಹಾಗೆ ಬಂದದ್ದೇ, ಮಳೆಗಾಲದ ಒಂದು ರಾತ್ರಿ, ಪತ್ರಿಕೆಯ ಬಂಡಲ್ ಇಳಿಸುವ ಗಾಡಿಯ ಅಡಿಯಿಂದ.

ಇನ್ನು 'ಬಡ್ಡಿ ಇಲ್ಲಮ್ಮ' ಎಂಬ ಮಾತು. ನೀವು ನಿಜವಾಗಿ ಪಟ್ಟು ಹಿಡಿದು ಕೇಳಬೇಕಾದದ್ದು ಇಲ್ಲಿ. ಶೂನ್ಯ ಬಡ್ಡಿ ಎನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಆಮೇಲೆ ಅದೇ ಸರಕು 'ನೋ ಕಾಸ್ಟ್ ಇಎಂಐ' ಎಂಬ ಹೆಸರಲ್ಲಿ ಬಂತು. ಲೆಕ್ಕ ನೋಡಿ. ಅರವತ್ತು ಸಾವಿರದ ಫೋನು, ತಿಂಗಳಿಗೆ ಐದು ಸಾವಿರದಂತೆ ಹನ್ನೆರಡು ಕಂತು. ನೋಡಲು ಒಂದು ರೂಪಾಯಿಯೂ ಜಾಸ್ತಿ ಇಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಅದು ಬಡ್ಡಿಯ ಸಾಲವೇ. ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಅಂದುಕೊಳ್ಳಿ, ಅಸಲು ಸುಮಾರು 55,400, ಬಡ್ಡಿ ಸುಮಾರು 4,600. ಆ ಬಡ್ಡಿಯಷ್ಟನ್ನು ರಿಯಾಯಿತಿ ಎಂದು ಬೆಲೆಯಲ್ಲಿ ಮೊದಲೇ ಕಳೆದಿರುತ್ತಾರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತದೆ. ಸುಮಾರು 830 ರೂಪಾಯಿ, ಅದನ್ನು ಕಟ್ಟುವವನು ನಿಮ್ಮ ಮಗ. ಪ್ರೊಸೆಸಿಂಗ್ ಶುಲ್ಕ ಬೇರೆ. ಪೂರ್ತಿ ದುಡ್ಡು ಒಟ್ಟಿಗೆ ಕೊಡುವವರಿಗೆ ಎಷ್ಟೋ ಕಡೆ ಸಿಗುವ ರಿಯಾಯಿತಿ ಇವನಿಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಲ್ಲಿ ಅರವತ್ತು ಸಾವಿರ ಇಲ್ಲದಿದ್ದರೂ ಅರವತ್ತು ಸಾವಿರದ ಫೋನು ಮನೆಗೆ ಬಂತು. ಹೀಗೆ ನಾಲ್ಕು ಸಾಮಾನು ಸೇರಿದರೆ ಸಂಬಳ ಬಂದ ಮೂರನೇ ದಿನಕ್ಕೆ ಅರ್ಧ ಖಾಲಿ. ಒಂದು ತಿಂಗಳು ಕಾರ್ಡಿನ ಬಿಲ್ಲು ಪೂರ್ತಿ ಕಟ್ಟಲಾಗದೆ 'ಕನಿಷ್ಠ ಮೊತ್ತ' ಕಟ್ಟಿ ಕೈತೊಳೆದುಕೊಂಡರೆ, ಅನೇಕ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಆಸುಪಾಸು. ವರ್ಷಕ್ಕೆ ನಲವತ್ತು ದಾಟುತ್ತದೆ. ಕೈಗಡ ಕೊಡುವ ಬಡ್ಡಿ ವ್ಯಾಪಾರಿಯನ್ನು ಊರಲ್ಲಿ ಬೈಯುತ್ತೇವಲ್ಲ, ಅವನ ದರಕ್ಕೆ ಇದು ತೀರಾ ದೂರವಿಲ್ಲ.

ನಾನೂ ಇದರಲ್ಲಿ ಸಿಕ್ಕಿಕೊಂಡವಳೇ. ಒಂದು ಆ್ಯಪಿಗೆ ತಿಂಗಳಿಗೆ 149 ರೂಪಾಯಿ ಹೋಗುತ್ತಿತ್ತು. ಮೊದಲ ತಿಂಗಳು ಉಚಿತವೆಂದು ಒಪ್ಪಿ ಮರೆತಿದ್ದೆ. ಹದಿನಾಲ್ಕು ತಿಂಗಳು ದುಡ್ಡು ಹೋದ ಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಕಣ್ಣಿಗೆ ಬಿತ್ತು. ಎರಡು ಸಾವಿರದ ಮೇಲೆ ಎಂಬತ್ತಾರು ರೂಪಾಯಿ. ನಿಲ್ಲಿಸುವ ಬಟನ್ ಹುಡುಕಲು ಅರ್ಧ ಗಂಟೆ ಹಿಡಿಯಿತು. ಹೀಗೆ ಸೇರಿಸುವುದು ಸುಲಭ, ಬಿಡುವುದು ಕಷ್ಟ ಎಂದು ಮಾಡಿಡುವುದನ್ನು, ಗೊತ್ತಿಲ್ಲದಂತೆ ಬುಟ್ಟಿಗೆ ಸಾಮಾನು ಸೇರಿಸುವುದನ್ನು, ಕೊನೆಯ ಪುಟದಲ್ಲಿ ಶುಲ್ಕ ಏರಿಸುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದೆ. ಅಂಥ ಹದಿಮೂರು ಬಗೆಗಳ ಪಟ್ಟಿಯೇ ಇದೆ. ದೂರು ಕೊಡಲು ಗ್ರಾಹಕ ಸಹಾಯವಾಣಿ 1915. ಮಗ ಕೊತ್ತಂಬರಿ ತರಿಸಿದಾಗ ಬಿಲ್ಲನ್ನು ಒಮ್ಮೆ ಪೂರ್ತಿ ಓದಿಸಿ. ಸೊಪ್ಪಿನ ಬೆಲೆ ಎಷ್ಟು, ಕೆಳಗೆ ನಿರ್ವಹಣೆ, ಡೆಲಿವರಿ, ಸಣ್ಣ ಆರ್ಡರ್ ಅಂತ ಸೇರಿದ್ದೆಷ್ಟು ಎಂದು ಅವನ ಬಾಯಲ್ಲೇ ಹೇಳಿಸಿ. ಬಾಗಿಲಿಗೆ ಬಂದ ಹುಡುಗನಿಗೆ ಒಂದು ಲೋಟ ನೀರು ಕೊಡಿ. ಹತ್ತು ನಿಮಿಷದ ಅವಸರವನ್ನು ಬೈಕಿನ ಮೇಲೆ ಹೊತ್ತು ತರುವವನು ಅವನು.

ನೀವು ಮದುವೆಯಾದ ವರ್ಷದಿಂದ ಜಮಾ ಖರ್ಚು ಬರೆಯುತ್ತಾ ಬಂದಿದ್ದೀರಿ ಎಂದು ಎರಡನೇ ಪುಟದಲ್ಲಿದೆ. ಬುದ್ಧಿ ಹೇಳುವ ಬದಲು ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅವನು ಓದಲಿ, ನೀವು ಬರೆಯಿರಿ. ನಗದು ಕೊಟ್ಟರೆ ಜೇಬು ಹಗುರಾಗುವುದು ಗೊತ್ತಾಗುತ್ತಿತ್ತು. ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಒಂದು ಸದ್ದು ಬರುತ್ತದೆ, ಅಷ್ಟೇ. ನಿಮ್ಮ ಅಕ್ಷರದಲ್ಲಿ ಸಾಲಾಗಿ ಬರೆದದ್ದನ್ನು ನೋಡಿದಾಗ ನಾಯಿಯ ಏಳು ಸಾವಿರ ಎಷ್ಟನೇ ಸ್ಥಾನದಲ್ಲಿದೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ. ಮೊದಲನೇ ಸ್ಥಾನದಲ್ಲಿ ಇರಲಾರದು ಎಂದು ನನ್ನ ಅಂದಾಜು.

ಕೆಲಸದ ಮಾತು. ರಾತ್ರಿ ಹನ್ನೊಂದರವರೆಗೆ ಅವನು ಕೂರುವುದು ಇಷ್ಟಪಟ್ಟಲ್ಲ. ಇಲ್ಲಿ ರಾತ್ರಿ ಎಂಟೂವರೆ ಎಂದರೆ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತೋ ಹನ್ನೊಂದೋ, ಅಲ್ಲಿಯವರು ಆಗಷ್ಟೇ ಕಾಫಿ ಕುಡಿದು ಕೂತಿರುತ್ತಾರೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಎಂದಿದೆ. 2024ರ ಜುಲೈನಲ್ಲಿ ಐಟಿ ಕೆಲಸಗಾರರಿಗೆ ಅದನ್ನು ದಿನಕ್ಕೆ ಹದಿನಾಲ್ಕು ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದಾಗ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಮನೆಯೇ ಆಫೀಸಾದವನಿಗೆ ಗಂಟೆ ಎಣಿಸುವವರು ಯಾರು? ಬಾಗಿಲು ಹಾಕಿಕೊಂಡು ಹೊರಡುವ ಆಫೀಸೇ ಅವನಿಗಿಲ್ಲ. ಈ ಊರಿನಲ್ಲಿ ಇಂಥ ಎಷ್ಟೋ ಮನೆಗಳನ್ನು ನೋಡಿ ಹೇಳುತ್ತಿದ್ದೇನೆ, ಅಲ್ಲಿ ಯಾರ ಮಾತಿಗೂ ಮುಚ್ಚದ ಲ್ಯಾಪ್‌ಟಾಪ್ ನಾಯಿಗೆ ಮುಚ್ಚುತ್ತದೆ. ನಾನು ಪ್ರೂಫ್ ತಿದ್ದುತ್ತಾ ಕೂತಾಗ ನಮ್ಮದು ಐದೂಮುಕ್ಕಾಲಿಗೆ ಬಂದು ಪಾದದ ಮೇಲೆ ಗದ್ದ ಇಡುತ್ತದೆ. ಹತ್ತು ನಿಮಿಷ ಕಾಯುತ್ತದೆ. ಆಮೇಲೆ ಮುಂಗಾಲೊಂದನ್ನು ಎತ್ತಿ ಕಾಗದದ ಮೇಲಿಡುತ್ತದೆ, ಒದ್ದೆ ಮೂಗಿನ ಗುರುತು ಅಂಚಿನಲ್ಲಿ ಉಳಿಯುತ್ತದೆ. ಏಳಲೇಬೇಕು.

ಹಾಗಾಗಿ ಆ ಅರ್ಧ ಗಂಟೆಯನ್ನು ನಾಯಿ ನಿಮ್ಮಿಂದ ಕಿತ್ತುಕೊಂಡಿತು ಎಂದು ನನಗೆ ಅನಿಸುವುದಿಲ್ಲ. ಅದು ನಿಮ್ಮ ಮಗನ ಕೈಗೆ ಅಷ್ಟನ್ನಾದರೂ ಬಿಡಿಸಿಕೊಟ್ಟಿದೆ. ಮುಂದಿನ ಸಲ ಬೆಂಗಳೂರಿಗೆ ಬಂದಾಗ ಸಂಜೆ ಆರಕ್ಕೆ ಅವನು ಹಗ್ಗ ಕೈಗೆ ತೆಗೆದುಕೊಳ್ಳುವ ಮೊದಲೇ ನೀವು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರಿ. ಲ್ಯಾಬ್ರಡಾರ್ ಜೋರಾಗಿ ಎಳೆಯುತ್ತದೆ, ಹಗ್ಗ ಅವನೇ ಹಿಡಿಯಲಿ. ಮೊದಲ ದಿನವೇ ಕಂತಿನ ಮಾತು ತೆಗೆಯಬೇಡಿ. ಕರಿಯನ ಕಥೆ ಹೇಳಿ. ಅವನಿಗೆ ಮರೆತಿರುವುದು ಬಹಳ ಇರುತ್ತದೆ.

ನಿಮ್ಮ ಸೊಸೆಯ ಬಗ್ಗೆ ನಾಲ್ಕು ಪುಟದಲ್ಲಿ ಒಂದೇ ಸಾಲಿದೆ. ಅವರಿಗೂ ಅಷ್ಟೇ ಹೊತ್ತಿನ ಕೆಲಸ ಇರಬೇಕಲ್ಲವೇ? ಅವರನ್ನೂ ಕರೆದುಕೊಂಡು ಹೋಗಿ. ಹೋಗಿ ಬಂದ ಮೇಲೆ ಒಂದು ಕಾರ್ಡು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕಿ