ಸ್ಟ್ರೋಕ್ ಆದ ಎರಡನೇ ದಿನವೇ ನಾವೇ ನಡೆಸಬಹುದಾ?

ಸ್ಟ್ರೋಕ್ ಆದ ತಂದೆಯನ್ನು ಆಸ್ಪತ್ರೆಯವರು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಕೂರಿಸುತ್ತಾರೆ, ನಾವೇ ನಡೆಸಬಹುದಾ ಅಂತ ಕೇಳಿದ್ದೀರಿ. ಅವರು ಹಾಗೆ ಮಾಡುತ್ತಿರುವುದು ಅಸಡ್ಡೆಯಿಂದ ಅಲ್ಲ, ಬಹುಶಃ ಬೇಕೆಂದೇ. ನನ್ನ ತಾಯಿಯ ವಿಷಯದಲ್ಲಿ ನಾನೂ ಇದೇ ಆತುರ ಪಟ್ಟಿದ್ದೆ.

2015ರಲ್ಲಿ ಪ್ರಕಟವಾದ ಅವರ್ಟ್ (AVERT) ಅನ್ನುವ ವೈದ್ಯಕೀಯ ಪ್ರಯೋಗದಲ್ಲಿ ಸ್ಟ್ರೋಕ್ ಆದ 2,104 ರೋಗಿಗಳಿದ್ದರು. 24 ಗಂಟೆಯೊಳಗೇ ಎಬ್ಬಿಸಿ, ಒಟ್ಟಾರೆ ಜಾಸ್ತಿ ಹೊತ್ತು ಕೂರಿಸಿ, ನಿಲ್ಲಿಸಿ, ನಡೆಸಿದ ಗುಂಪಿನಲ್ಲಿ ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಶೇ. 46. ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 50. ಹಾಗಂತ ಸುಮ್ನೆ ಮಲಗಿಸಿಡಿ ಅಂತಲ್ಲ. ಒಂದೇ ಸಲ ಜಾಸ್ತಿ ಹೊತ್ತು ಮಾಡಿಸುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಮಾಡಿಸುವುದು ಮೇಲು ಅನ್ನುವ ಸೂಚನೆಯೂ ಅದೇ ಪ್ರಯೋಗದಲ್ಲಿ ಸಿಕ್ಕಿತು. ಎಷ್ಟು ನಿಮಿಷ ಸರಿ ಅನ್ನುವುದು ಇನ್ನೂ ಪಕ್ಕಾ ಆಗಿಲ್ಲ.

ಮೊದಲು ಫಿಸಿಯೋ ಅವರನ್ನು ಕೇಳಿ: ದಿನಕ್ಕೆ ಎಷ್ಟು ಸಲ ಕೂರಿಸಬಹುದು, ಬಿಪಿ ಎಷ್ಟಿದ್ದರೆ ಬೇಡ? ಆಮೇಲೆ ಅವರ ಎದುರಿಗೇ ಒಮ್ಮೆ ಕೂರಿಸಿ ಕಲಿಯಿರಿ. ಬಲವಿಲ್ಲದ ಕೈ ಹಿಡಿದು ಎಳೆಯಲೇಬೇಡಿ, ಭುಜದ ಕೀಲು ಜಾರಬಹುದು. ನುಂಗುವ ಪರೀಕ್ಷೆ ಆಗುವವರೆಗೆ ನೀರೂ ಕೊಡಬೇಡಿ. ಕೂತಾಗ ತಲೆಸುತ್ತು ಬಂದರೆ, ಮಾತು ಇನ್ನಷ್ಟು ತೊದಲಿದರೆ ಅಥವಾ ಕೈಕಾಲು ಇನ್ನೂ ಸೋತರೆ ತಕ್ಷಣ ಮಲಗಿಸಿ, ನರ್ಸ್ ಅನ್ನು ಕರೆಯಿರಿ.