ಎಂಟನೇ ತರಗತಿಯಿಂದಲೇ ಸಿಪಿಆರ್ ಕಲಿಸಿ

ಸೋಮವಾರಪೇಟೆ ಕಡೆಯ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕರು ಕೇಳಿದ್ದಾರೆ: ಎಂಟನೇ ತರಗತಿ ಮಕ್ಕಳಿಗೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಬಾಯಿಯಿಂದ ಉಸಿರು ಕೊಟ್ಟು ಜೀವ ಉಳಿಸುವ ಪ್ರಥಮ ಚಿಕಿತ್ಸೆ) ಹೇಳಿಕೊಡಬಹುದೇ? ಅವರ ಕೈಗೆ ಅಷ್ಟು ಬಲ ಇರುತ್ತದೆಯೇ? ಶಾಲೆಯಲ್ಲಿ ತರಬೇತಿ ಗೊಂಬೆ ಇಲ್ಲ. ವರ್ಷಕ್ಕೊಂದು ಶಿಬಿರ ಮಾಡಿಸಿದರೆ ಸಾಕೇ?

ಮೇಷ್ಟ್ರೇ,

ಹೇಳಿಕೊಡಬಹುದು, ಹೇಳಿಕೊಡಲೇಬೇಕು. 12 ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಇದನ್ನು ಕಲಿಸುವ ಯೋಚನೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಅನುಮೋದಿಸಿದೆ. ಹೃದಯ ನಿಂತ 4–6 ನಿಮಿಷಕ್ಕೆ ಮಿದುಳು ಹಾಳಾಗತೊಡಗುತ್ತದೆ. ನಮ್ಮ ತೋಟದ ಒಳರಸ್ತೆಗಳಿಗೆ, ಅದೂ ಮಳೆಗಾಲದಲ್ಲಿ, 108 ಅಷ್ಟರೊಳಗೆ ಬಂದು ಮುಟ್ಟುವುದು ಕಷ್ಟ.

ದೊಡ್ಡವರ ಎದೆ 5 ಸೆಂ.ಮೀ. ತಗ್ಗಬೇಕು, 6 ದಾಟಬಾರದು. ಸಣಕಲು ಮಕ್ಕಳಿಗೆ ಅಷ್ಟು ಆಳ ಸಿಗದಿರಬಹುದು, ಏಕೆಂದರೆ ಇಲ್ಲಿ ಕೆಲಸ ಮಾಡುವುದು ಮೈತೂಕ. ತೋಳಿನಿಂದ ಒತ್ತಿದರೆ ಬೇಗ ಸುಸ್ತು. ನೆಲದ ಮೇಲೆ ಮಂಡಿಯೂರಿ, ಭುಜವನ್ನು ಅಂಗೈಗಳ ನೇರಕ್ಕೆ ತಂದು, ಮೊಣಕೈ ಮಡಿಸದೆ ಮೈಭಾರ ಬಿಡಬೇಕು. 2 ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಒತ್ತಲಾಗದ ಮಗು ಕೂಡ ಫೋನ್ ಮಾಡಬಲ್ಲದು, ಪಕ್ಕದವರಿಗೆ ಹೇಳಿ ಮಾಡಿಸಬಲ್ಲದು.

ಗೊಂಬೆಗಾಗಿ ಕಾಯಬೇಡಿ. 2 ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಗಿಮಾಡಿ, ಟವೆಲ್ ಸುತ್ತಿ, ಹಳೇ ಅಂಗಿಯೊಳಗೆ ಅಡ್ಡ ಮಲಗಿಸಿ. ಅಂಗಿಯ ಮೇಲೆ ಸೀಮೆಸುಣ್ಣದಲ್ಲಿ ಎದೆಮೂಳೆ ಬರೆದು, ಅದರ ಕೆಳಗಿನ ಅರ್ಧಕ್ಕೆ ಗುರುತು ಹಾಕಿ. ಒತ್ತಿದರೆ ತಗ್ಗಬೇಕು, ಬಿಟ್ಟರೆ ಏಳಬೇಕು. ಮಕ್ಕಳು ಎಡವುವುದೇ ಇಲ್ಲಿ: ಒತ್ತಿದ ಮೇಲೂ ಎದೆಯ ಮೇಲೆ ಭಾರ ಹಾಕಿಕೊಂಡೇ ಇರುತ್ತಾರೆ. ಎದೆ ಪೂರ್ತಿ ಮೇಲೇಳದಿದ್ದರೆ ಹೃದಯಕ್ಕೆ ರಕ್ತ ಸಾಕಷ್ಟು ತುಂಬುವುದಿಲ್ಲ, ಮುಂದಿನ ಒತ್ತಿಗೆ ಹೊರದೂಡಲು ಹೆಚ್ಚೇನೂ ಉಳಿಯುವುದಿಲ್ಲ. ಇನ್ನೊಂದು ತೊಂದರೆ ಅವಸರ. ವೇಗ ನಿಮಿಷಕ್ಕೆ 100ರಿಂದ 120. ನಿಮ್ಮ ಸ್ಟಾಪ್‌ವಾಚ್ ಹಿಡಿಯಿರಿ: 30 ಒತ್ತಿಗೆ 15ರಿಂದ 18 ಸೆಕೆಂಡ್. 12ಕ್ಕೇ ಮುಗಿಸಿದವರು ಆಳ ಕಳೆದುಕೊಂಡಿರುತ್ತಾರೆ. ಸಹಪಾಠಿಯ ಎದೆ ಒತ್ತಿ ಅಭ್ಯಾಸ ಮಾಡಲು ಮಾತ್ರ ಬಿಡಬೇಡಿ.

ಕುಸಿದು ಬಿದ್ದವರು ಭುಜ ತಟ್ಟಿ ಕರೆದರೂ ಓಗೊಡದಿದ್ದರೆ 10 ಸೆಕೆಂಡಿನೊಳಗೆ ಉಸಿರು ನೋಡಬೇಕು. ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಏದುಸಿರು ಬಂದರೆ ಅದು ಉಸಿರಾಟವಲ್ಲ; ಒತ್ತಲು ಶುರುಮಾಡಬೇಕು. ನೆಟ್‌ವರ್ಕ್ ಸಿಗದ ಊರಾದರೆ ಒತ್ತುವವರು ಯಾರು, ಸಿಗ್ನಲ್ ಸಿಗುವ ಏರಿಗೆ ಓಡುವವರು ಯಾರು, ಆಂಬುಲೆನ್ಸಿಗೆ ದಾರಿ ತೋರಲು ಗೇಟಿನಲ್ಲಿ ನಿಲ್ಲುವವರು ಯಾರು ಎಂಬುದನ್ನೂ ಅಭ್ಯಾಸ ಮಾಡಿಸಿ.

ಕೊಡಗಿನ ಮಕ್ಕಳಿಗೆ ಎರಡು ಸಂಗತಿ ಬೇರೆಯಾಗಿಯೇ ಹೇಳಬೇಕು. ಕರಿಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿದರೆ ಬಿದ್ದವರನ್ನಾಗಲಿ, ಏಣಿಯನ್ನಾಗಲಿ ಮುಟ್ಟಕೂಡದು. 11 ಕೆ.ವಿ. ಲೈನಿನೆದುರು ಒಣಕೋಲೂ ರಕ್ಷಣೆಯಲ್ಲ. ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ, ಲೈನ್ ಆಫ್ ಆದದ್ದು ಖಾತ್ರಿಯಾದ ಮೇಲೆಯೇ ಹತ್ತಿರ ಹೋಗಬೇಕು. ಇನ್ನೊಂದು ಕೆರೆ, ಹೊಳೆಯ ವಿಚಾರ. ಮುಳುಗಿದವರ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಹಿಡಿಯುವುದು ಬೇಡವೇ ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶ ಸೇರುತ್ತದೆ. ಅವರಿಗೆ ಬೇಕಾದದ್ದು ಆಮ್ಲಜನಕ. ಮೊದಲು ಬಾಯಿಯಿಂದ ಉಸಿರು, ಆಮೇಲೆ 30 ಒತ್ತು, 2 ಉಸಿರು. ಉಸಿರು ಕೊಡಲು ಬಾರದವರು ಒತ್ತುವುದನ್ನಾದರೂ ನಿಲ್ಲಿಸಬಾರದು.

ವರ್ಷಕ್ಕೊಂದು ಶಿಬಿರ ಸಾಲದು; ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ. ಜೂನ್‌ನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕರೆಸಿ ಎರಡು ಗಂಟೆ ಮಾಡಿಸಿ. ಜನವರಿಯಲ್ಲಿ ಮೆಣಸಿನ ಕುಯ್ಲಿಗೆ ಮೊದಲು ನಿಮ್ಮ ಆಟದ ಪಿರಿಯಡ್‌ನಲ್ಲೇ 20 ನಿಮಿಷ, ಮಕ್ಕಳು ಹೊಳೆಗಿಳಿಯುವ ಬೇಸಿಗೆ ರಜೆಗೆ ಮುಂಚೆ ಇನ್ನೊಮ್ಮೆ 20 ನಿಮಿಷ.

– ಸಂ.